ಗುಡ್ಡದ ಮೇಲಿನ ಗುಡಿ

ಸುರಪುರ, ಶಹಾಪುರ, ಯಾದಗಿರಿಗಳ ಸೀಮೆಯವರಿಗೆ ಗುಡ್ಡ ಹೊಸದಲ್ಲ. ಗುಡ್ಡದ ಮೇಲಿನ ಗುಡಿಯೂ ಹೊಸದಲ್ಲ. ಎರೆಹೊಲಗಳ ನಡುವೆ ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತೆ ಬೆಟ್ಟಗಳು ಎದ್ದು ನಿಂತಿವೆ. ಬಹುಮಟ್ಟಿಗೆ ಒಂದೊಂದು ಗುಡ್ಡದ ನೆತ್ತಿಗೂ ಒಂದು ಸಣ್ಣ ಗುಡಿ ಉಂಟು. ಅದಕ್ಕೆ ಎತ್ತರವಾದ ಗೋಪುರವಿಲ್ಲ, ಚಿನ್ನದ ಕಳಸವಿಲ್ಲ. ನಾಲ್ಕು ಕಲ್ಲಿನ ಗೋಡೆ, ಮೇಲೆ ಹಾಸಿದ ಚಪ್ಪಡಿ, ಒಳಗೊಂದು ದೀಪ. ಇಷ್ಟೇ ಅದರ ವೈಭವ. ವರ್ಷಕ್ಕೊಮ್ಮೆ ಜಾತ್ರೆಯ ದಿನ ಊರಿಗೆ ಊರೇ ಗುಡ್ಡ ಹತ್ತುತ್ತದೆ. ಉಳಿದ ದಿನಗಳಲ್ಲಿ ಅಲ್ಲಿ ಗಾಳಿಯದೇ ಸಪ್ಪಳ. ಇಂತಹ ಗುಡಿಗಳನ್ನು ನಾವು ದಿನವೂ ದೂರದಿಂದ ನೋಡುತ್ತೇವೆ. ನೋಡಿಯೂ ನೋಡದವರಂತೆ ನಮ್ಮ ದಾರಿ ಹಿಡಿಯುತ್ತೇವೆ. ಆದರೆ ಇಂತಹ ಒಂದು ಸಾದಾ ಗುಡಿ ಇಡೀ ದೇಶದ ಚರಿತ್ರೆಗೆ ಕೈಮರವಾಗಿ ನಿಂತಿರುವುದುಂಟು. ಆ ಗುಡಿಯ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ.

ಕಥೆಯನ್ನು ಬೋನಾಳದ ಕೆರೆಯ ದಂಡೆಯಿಂದಲೇ ಆರಂಭಿಸಬಹುದು. ಸುರಪುರಕ್ಕೆ ಅನತಿದೂರದಲ್ಲಿರುವ ಈ ಕೆರೆ ಈಗ ಪಕ್ಷಿಧಾಮವೆಂದು ಹೆಸರಾಗಿದೆ. ಚಳಿಗಾಲದಲ್ಲಿ ದೂರದ ನಾಡುಗಳಿಂದ ಹಾರಿ ಬಂದ ಹಕ್ಕಿಗಳು ಇದರ ನೀರಿನಲ್ಲಿ ತಂಗುತ್ತವೆ. ಸುರಪುರದ ನಾಯಕ ಅರಸರ ಕಾಲದಲ್ಲಿ ಹುಟ್ಟಿದ ಕೆರೆಯಿದು. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಮತ್ತೆ ಅಭಿವೃದ್ಧಿಪಡಿಸಲಾಯಿತು. ಆ ಶತಮಾನದ ನಡುಭಾಗದಲ್ಲಿ, 1841ರಿಂದ 1853ರವರೆಗೆ, ಸುರಪುರದ ಆಡಳಿತವನ್ನು ನೋಡಿಕೊಳ್ಳುತ್ತಿದ್ದವನು ಫಿಲಿಪ್ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ. ಆಗ ಸಂಸ್ಥಾನದ ಅರಸನಾದ ವೆಂಕಟಪ್ಪ ನಾಯಕನು ಇನ್ನೂ ಬಾಲಕ. ಆ ಬಾಲಕನು ಟೇಲರನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನಂತೆ. ಸುರಪುರದ ಗುಡ್ಡದ ಮೇಲೆ ಟೇಲರನು ಕಟ್ಟಿಸಿದ ಬಂಗಲೆಯನ್ನು ಜನರು ಇಂದಿಗೂ ‘ಟೇಲರ್ ಮಂಜಿಲ್’ ಎಂದು ತೋರಿಸುತ್ತಾರೆ.

ಟೇಲರನು ಬರಿಯ ಅಧಿಕಾರಿಯಾಗಿರಲಿಲ್ಲ. ಆತನು ಕಾದಂಬರಿಕಾರ, ಅದಕ್ಕಿಂತ ಹೆಚ್ಚಾಗಿ, ಹಳೆಯ ಕಲ್ಲುಗಳನ್ನು ಕಂಡರೆ ನಿಂತು ನೋಡುವ ಸ್ವಭಾವದವನು. ಸುರಪುರದ ಸೀಮೆಯಲ್ಲಿ ಕುದುರೆಯ ಮೇಲೆ ತಿರುಗಾಡುವಾಗ ರಾಜನಕೋಳೂರು ಮೊದಲಾದ ಊರುಗಳ ಬಳಿ ಆತನು ಒಂದು ವಿಚಿತ್ರವನ್ನು ಕಂಡನು. ಮೂರು ನಾಲ್ಕು ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಅವುಗಳ ಮೇಲೊಂದು ದೊಡ್ಡ ಚಪ್ಪಡಿಯನ್ನು ಮುಚ್ಚಿ ಮಾಡಿದ ಪುಟ್ಟ ಪುಟ್ಟ ಕಲ್ಮನೆಗಳು ಅಲ್ಲಿ ಇದ್ದವು. ಉತ್ತರ ಕರ್ನಾಟಕದಲ್ಲಿ ಇಂಥವನ್ನು ‘ಮೊರೇರ ಮನೆ’ ಎಂದು ಕರೆಯುವುದುಂಟು. ಇವು ವಾಸದ ಮನೆಗಳಲ್ಲ. ಬರಹವನ್ನೇ ಅರಿಯದಿದ್ದ ಕಾಲದ ಜನರು ತಮ್ಮ ಸತ್ತವರಿಗಾಗಿ ನಿಲ್ಲಿಸಿದ ಕಲ್ಲುಗಳು. ಟೇಲರನು ಇವುಗಳನ್ನು ಅಳೆದು, ಚಿತ್ರಿಸಿ, 1850ರ ದಶಕದಲ್ಲಿ ಲೇಖನಗಳನ್ನು ಪ್ರಕಟಿಸಿದನು. ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳ ಅಭ್ಯಾಸಕ್ಕೆ ಅಡಿಗಲ್ಲು ಹಾಕಿದವರಲ್ಲಿ ಆತನೂ ಒಬ್ಬನು.

ಸುರಪುರವನ್ನು ಬಿಟ್ಟು ಹೋದ ಮೇಲೂ ಆತನಿಗೆ ಈ ನಾಡಿನ ಕಲ್ಲುಗಳ ಮೇಲಿನ ಆಸಕ್ತಿ ಕುಂದಲಿಲ್ಲ. 1866ರಲ್ಲಿ ಲಂಡನ್ನಿನಲ್ಲಿ ಒಂದು ದೊಡ್ಡ ಗ್ರಂಥ ಪ್ರಕಟವಾಯಿತು. ಧಾರವಾಡ ಮತ್ತು ಮೈಸೂರು ಸೀಮೆಗಳ ಹಳೆಯ ಕಟ್ಟಡಗಳ ಛಾಯಾಚಿತ್ರಗಳು ಅದರಲ್ಲಿದ್ದವು. ಅದರ ಚಾರಿತ್ರಿಕ ವಿವರಣೆಯನ್ನು ಬರೆದವನು ಇದೇ ಟೇಲರ್. ಕನ್ನಡ ನಾಡಿನ ಹಳೆಯ ಗುಡಿಗಳು ಮೊತ್ತಮೊದಲು ಹೊರಗಿನ ಲೋಕದ ಕಣ್ಣಿಗೆ ಬಿದ್ದದ್ದು ಇಂತಹ ಗ್ರಂಥಗಳಿಂದ. ಆ ಗುಡಿಗಳಲ್ಲಿ ಐಹೊಳೆಯ ಗುಡಿಗಳಿಗೆ ಮುಖ್ಯವಾದ ಸ್ಥಾನವಿದೆ. ನಾವು ಈಗ ಹೋಗಬೇಕಾದುದು ಅಲ್ಲಿಗೇ.

ಸುರಪುರದಿಂದ ಪಶ್ಚಿಮಕ್ಕೆ ತಾಳಿಕೋಟೆ, ಮುದ್ದೇಬಿಹಾಳಗಳ ಮೇಲೆ ಸಾಗಿ, ಕೃಷ್ಣಾ ನದಿಯನ್ನು ದಾಟಿ, ಹುನಗುಂದ, ಅಮೀನಗಡಗಳನ್ನು ಹಿಂದೆ ಬಿಟ್ಟರೆ ಐಹೊಳೆ ಸಿಗುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ನೆಲದ ಬಣ್ಣ ಬದಲಾಗಿರುತ್ತದೆ. ಬೆಟ್ಟಗಳ ರೂಪವೂ ಬದಲಾಗಿರುತ್ತದೆ. ಸುರಪುರದ ಕಡೆಯ ಬೆಟ್ಟಗಳು ಗಟ್ಟಿಯಾದ ಕಣಶಿಲೆಯವು. ಇಲ್ಲಿಯವು ಕೆಂಪು ಮರಳುಗಲ್ಲಿನವು. ನೆತ್ತಿ ಚಪ್ಪಟೆ, ಮಗ್ಗುಲು ಕಡಿದಾದ ಗೋಡೆಯಂತೆ. ಮರಳುಗಲ್ಲು ಪದರ ಪದರವಾಗಿ ಬಿಡುತ್ತದೆ, ಉಳಿಗೆ ಒಗ್ಗುತ್ತದೆ. ಬಾದಾಮಿಯ ಚಾಲುಕ್ಯರ ಕಾಲದಲ್ಲಿ ಶಿಲ್ಪಿಗಳು ಈ ಕಲ್ಲನ್ನೇ ಪಾಠಶಾಲೆಯ ಹಲಗೆಯಂತೆ ಬಳಸಿ, ಗುಡಿ ಕಟ್ಟುವ ಬಗೆಬಗೆಯ ರೀತಿಗಳನ್ನು ಪ್ರಯೋಗ ಮಾಡಿ ನೋಡಿದರು. ಐಹೊಳೆಯೊಂದರಲ್ಲಿಯೇ ನೂರಕ್ಕೂ ಹೆಚ್ಚು ಹಳೆಯ ಗುಡಿಗಳಿವೆ. ಅಯ್ಯಾವೊಳೆ ಎಂಬ ಹಳೆಯ ಹೆಸರಿನ ಈ ಊರು ಒಂದು ಕಾಲಕ್ಕೆ ‘ಅಯ್ಯಾವೊಳೆ ಐನೂರ್ವರು’ ಎಂಬ ದೊಡ್ಡ ವರ್ತಕ ಸಂಘದ ತವರೂ ಆಗಿದ್ದಿತು.

ಐಹೊಳೆಗೆ ಬಂದ ಪ್ರವಾಸಿಗರು ಸಾಮಾನ್ಯವಾಗಿ ಊರೊಳಗಿನ ದುರ್ಗದ ಗುಡಿಯನ್ನೂ ಲಾಡಖಾನ ಗುಡಿಯನ್ನೂ ನೋಡಿ ತೃಪ್ತರಾಗುತ್ತಾರೆ. ಆ ಗುಡಿಗಳ ಚೆಲುವೇ ಅಂತಹುದು. ಆದರೆ ಊರಿನ ಪಕ್ಕದ ಗುಡ್ಡದ ಮೇಲೆ, ಹಳೆಯ ಕೋಟೆಯ ಗೋಡೆಗಳ ನಡುವೆ, ಒಂಟಿಯಾಗಿ ನಿಂತ ಒಂದು ಗುಡಿ ಕಾಣುತ್ತದೆ. ಜನರು ಅದನ್ನು ಮೇಗುಟಿ ಎನ್ನುತ್ತಾರೆ. ‘ಮೇಲಿನ ಗುಡಿ’ ಎಂಬ ಅರ್ಥದ ‘ಮೇಗುಡಿ’ಯೇ ಬಾಯಿಂದ ಬಾಯಿಗೆ ಸಾಗಿ ಮೇಗುಟಿಯಾಯಿತು. ದೊಡ್ಡ ಅರಸನ ಹೆಸರಾಗಲಿ ದೇವರ ಹೆಸರಾಗಲಿ ಅದಕ್ಕೆ ಅಂಟಿಕೊಳ್ಳಲಿಲ್ಲ. ಅದು ನಿಂತ ಜಾಗವೇ ಅದರ ಹೆಸರಾಯಿತು.

ಗುಡ್ಡವನ್ನು ಮೆಟ್ಟಿಲು ಹಿಡಿದು ಹತ್ತಬೇಕು. ಅರ್ಧ ದಾರಿಯಲ್ಲಿ ಬಂಡೆಗೆ ಆತುಕೊಂಡಂತೆ ಎರಡು ಅಂತಸ್ತಿನ ಒಂದು ಕಟ್ಟಡ ಎದುರಾಗುತ್ತದೆ. ಅದರ ಒಂದು ಭಾಗ ಬಂಡೆಯನ್ನು ಕೊರೆದು ಮಾಡಿದುದು, ಇನ್ನೊಂದು ಭಾಗ ಕಟ್ಟಿದುದು. ಅದು ಬೌದ್ಧರ ಗುಡಿ. ಅಲ್ಲಿ ಕ್ಷಣಕಾಲ ನಿಂತು ದಣಿವಾರಿಸಿಕೊಂಡು ಮತ್ತೆ ಮೇಲೇರಿದರೆ ಬಯಲಿನಂತಹ ನೆತ್ತಿ, ಅಲ್ಲಿ ಮೇಗುಟಿ.

ಮೊದಲ ನೋಟಕ್ಕೆ ಅದು ನೋಡುವವನನ್ನು ನಿರಾಶೆಗೊಳಿಸಬಹುದು. ಉತ್ತರಕ್ಕೆ ಮುಖ ಮಾಡಿದ ಜೈನ ಬಸದಿ ಇದು. ಒಳಗೆ ಗರ್ಭಗೃಹ, ಅದರ ಸುತ್ತ ಪ್ರದಕ್ಷಿಣಾಪಥ, ಮುಂದೆ ಕಂಬಗಳ ಮಂಟಪ. ಗರ್ಭಗೃಹದ ಮೇಲಿನ ಮಾಳಿಗೆಯಲ್ಲಿ ಇನ್ನೊಂದು ಚಿಕ್ಕ ಗುಡಿ. ಅದು ಬಹುಮಟ್ಟಿಗೆ ಹಾಳಾಗಿದೆ. ಒಳಗಿನ ಜಿನಬಿಂಬ ಸವೆದುಹೋಗಿದೆ. ಹೊರಗೋಡೆಯಲ್ಲಿ ಶಿಲ್ಪಗಳಿಗಾಗಿ ಮಾಡಿದ ಗೂಡುಗಳು ಬರಿದಾಗಿವೆ. ಕೆಲವು ಭಾಗಗಳ ಕೆತ್ತನೆ ಮುಗಿಯಲೇ ಇಲ್ಲ. ಊರೊಳಗಿನ ಗುಡಿಗಳಲ್ಲಿ ಗಂಧರ್ವರು ಹಾರುತ್ತಾರೆ, ದೇವತೆಗಳು ನಲಿಯುತ್ತಾರೆ. ಇಲ್ಲಿ ಮಾತ್ರ ಗೋಡೆ, ಕಂಬ, ಬಿಸಿಲು ಮತ್ತು ಗಾಳಿ. ಇಷ್ಟು ಹತ್ತಿ ಬಂದುದು ಇದಕ್ಕೆಯೆ ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ.

ಆದರೆ ಗುಡಿಯ ಪೂರ್ವದ ಗೋಡೆಯ ಬಳಿಗೆ ಬಂದು ನೋಡಬೇಕು. ಅಲ್ಲಿ ಕಲ್ಲಿನ ಮೇಲೆ ಸಾಲು ಸಾಲಾಗಿ ಕೊರೆದ ಅಕ್ಷರಗಳಿವೆ. ಒಬ್ಬ ಮನುಷ್ಯನು ತೋಳುಗಳನ್ನು ಚಾಚಿ ನಿಂತರೆ ಹೆಚ್ಚುಕಡಿಮೆ ಮುಚ್ಚಿಹೋಗಬಹುದಾದಷ್ಟೇ ಜಾಗ. ಲಿಪಿ ಹಳಗಾಲದ ಕನ್ನಡ ನಾಡಿನದು, ಭಾಷೆ ಸಂಸ್ಕೃತ. ಒಟ್ಟು 19 ಸಾಲುಗಳು, 37 ಪದ್ಯಗಳು. ಇದೇ ಪ್ರಸಿದ್ಧವಾದ ಐಹೊಳೆಯ ಶಾಸನ. ಜೆ. ಎಫ್. ಫ್ಲೀಟ್ ಅವರು 1870ರ ದಶಕದಲ್ಲಿ ಇದನ್ನು ಓದಿ ಪ್ರಕಟಿಸಿದರು. 1900ರ ಸುಮಾರಿಗೆ ಜರ್ಮನಿಯ ವಿದ್ವಾಂಸರಾದ ಕೀಲ್‌ಹಾರ್ನ್ ಅವರು ಇದನ್ನು ಮತ್ತೆ ಪರಿಶೀಲಿಸಿ ತಿದ್ದಿದ ಪಾಠವನ್ನು ಕೊಟ್ಟರು.

ಈ ಶಾಸನವನ್ನು ರಚಿಸಿದವನು ರವಿಕೀರ್ತಿ. ಗುಡಿಯನ್ನು ಕಟ್ಟಿಸಿದವನೂ ಅವನೇ. ಚಾಲುಕ್ಯ ಚಕ್ರವರ್ತಿಯಾದ ಇಮ್ಮಡಿ ಪುಲಕೇಶಿಯ ಕೃಪೆಗೆ ಪಾತ್ರನಾದ ಕವಿ ಅವನು. ತನ್ನ ಗುಡಿಯ ಗೋಡೆಯ ಮೇಲೆ ಅವನು ತನ್ನ ಅರಸನ ಚರಿತ್ರೆಯನ್ನು ಬರೆಸಿದನು. ಮೊದಲು ಜಿನೇಂದ್ರನ ಸ್ತುತಿ; ಬಳಿಕ ಚಾಲುಕ್ಯ ವಂಶದ ಅರಸರು. ಜಯಸಿಂಹ, ರಣರಾಗ, ವಾತಾಪಿಯನ್ನು ಆಳಿದ ಮೊದಲನೆಯ ಪುಲಕೇಶಿ, ಕೀರ್ತಿವರ್ಮ, ಮಂಗಲೇಶ. ಅನಂತರ ಇಮ್ಮಡಿ ಪುಲಕೇಶಿ. ಇವನು ಬನವಾಸಿಯನ್ನು ಮುತ್ತಿದುದು, ಗಂಗರನ್ನೂ ಆಳುಪರನ್ನೂ ಮಣಿಸಿದುದು, ಕೊಂಕಣದ ಮೌರ್ಯರನ್ನು ಗೆದ್ದುದು, ಲಾಟ ಮಾಳವ ಗುರ್ಜರರನ್ನು ಅಧೀನಗೊಳಿಸಿದುದು, ಕೋಸಲ ಕಳಿಂಗಗಳನ್ನು ನಡುಗಿಸಿದುದು, ಕಾಂಚಿಯ ಪಲ್ಲವನನ್ನು ಅವನ ಕೋಟೆಯ ಹಿಂದೆಯೇ ಅಡಗುವಂತೆ ಮಾಡಿದುದು, ಇವೆಲ್ಲವೂ ಒಂದಾದ ಮೇಲೊಂದು ಬರುತ್ತವೆ. ಉತ್ತರಾಪಥದ ಚಕ್ರವರ್ತಿಯಾದ ಹರ್ಷನು ಸೋತುದನ್ನು ಹೇಳುವಾಗ ಕವಿಯು ಆ ಹೆಸರಿನೊಡನೆಯೇ ಆಟವಾಡುತ್ತಾನೆ. ಹರ್ಷವೆಂದರೆ ಸಂತೋಷ, ಯುದ್ಧದಲ್ಲಿ ತನ್ನ ಆನೆಗಳು ಬಿದ್ದುದನ್ನು ಕಂಡು ಹರ್ಷನ ಹರ್ಷವೇ ಇಳಿದುಹೋಯಿತೆಂದು ಅವನ ಚಮತ್ಕಾರ.

ಇಂತಹ ಹೊಗಳಿಕೆಗಳು ಇತರ ಶಾಸನಗಳಲ್ಲಿಯೂ ಬೇಕಾದಷ್ಟಿವೆ. ಮೇಗುಟಿಯ ಶಾಸನದ ನಿಜವಾದ ಬೆಲೆ ಅದರ ಕೊನೆಯ ಭಾಗದಲ್ಲಿದೆ. ಗುಡಿಯನ್ನು ಯಾವಾಗ ಕಟ್ಟಲಾಯಿತೆಂಬುದನ್ನು ರವಿಕೀರ್ತಿಯು ಅಲ್ಲಿ ಎರಡು ಬಗೆಯಿಂದ ಹೇಳುತ್ತಾನೆ. ಪದ್ಯದ ಲಯಕ್ಕೆ ಹೊಂದುವಂತೆ ಅವನು ಸಂಖ್ಯೆಯನ್ನು ತುಂಡು ತುಂಡಾಗಿ ಮಾಡಿ ಕೊಡುತ್ತಾನೆ. ಭಾರತ ಯುದ್ಧ ನಡೆದಂದಿನಿಂದ ಕಳೆದ ವರ್ಷಗಳನ್ನು ಮೂವತ್ತು, ಮೂರು ಸಾವಿರ, ಏಳುನೂರು, ಐದು ಎಂದು ಬಿಡಿಸಿ ಹೇಳುತ್ತಾನೆ. ಕೂಡಿಸಿದರೆ 3735. ಶಕರಾಜರ ಕಾಲದಿಂದ ಕಳೆದ ವರ್ಷಗಳನ್ನು ಐವತ್ತು, ಆರು, ಐನೂರು ಎನ್ನುತ್ತಾನೆ. ಕೂಡಿಸಿದರೆ 556.

ಈಗ ಲೆಕ್ಕ ಮಾಡಿ ನೋಡೋಣ. ಶಕವರ್ಷಕ್ಕೂ ಕ್ರಿಸ್ತಶಕಕ್ಕೂ 78 ವರ್ಷಗಳ ಅಂತರ. 556ಕ್ಕೆ 78ನ್ನು ಕೂಡಿಸಿದರೆ 634. ಇನ್ನು ಮೊದಲನೆಯ ಲೆಕ್ಕ. ಸಂಪ್ರದಾಯದ ಕಾಲಗಣನೆಯಲ್ಲಿ ಈ ವರ್ಷಗಳು ಕ್ರಿ.ಪೂ. 3102ರಿಂದ ಎಣಿಕೆಯಾಗುತ್ತವೆ. ಕ್ರಿ.ಪೂ. 1 ಮತ್ತು ಕ್ರಿ.ಶ. 1ರ ನಡುವೆ ಸೊನ್ನೆಯ ವರ್ಷವೆಂಬುದಿಲ್ಲವಾದುದರಿಂದ 3735ರಿಂದ 3101ನ್ನು ಕಳೆಯಬೇಕು, ಉಳಿಯುವುದು 634! ಎರಡು ಬೇರೆ ಬೇರೆ ಹಗ್ಗಗಳಿಂದ ಅಳೆದರೂ ಗೂಟ ಒಂದೇ ಜಾಗಕ್ಕೆ ಬಂದು ನಿಂತಿತು. ಭಾರತ ಯುದ್ಧ ಆ ವರ್ಷವೇ ನಡೆಯಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ಅದು ಅಂದಿನವರ ನಂಬಿಕೆಯ ಲೆಕ್ಕ. ಆದರೆ ರವಿಕೀರ್ತಿಯ ಗುಡಿ ಕ್ರಿ.ಶ. 634–35ರಲ್ಲಿ ನಿರ್ಮಾಣವಾಯಿತೆಂಬುದರಲ್ಲಿ ಸಂದೇಹಕ್ಕೆ ಎಡೆ ಉಳಿಯುವುದಿಲ್ಲ.

ಒಂದು ವರ್ಷ ಖಚಿತವಾಗಿ ತಿಳಿದರೆ ಏನು ಮಹಾ ಲಾಭ ಎಂದು ಕೇಳಬಹುದು. ಕಾಡಿನಲ್ಲಿ ದಾರಿ ತಪ್ಪಿದವನಿಗೆ ಒಂದೇ ಒಂದು ಗುರುತಿನ ಮರ ಸಿಕ್ಕರೆ ಸಾಕು, ಉಳಿದ ದಿಕ್ಕುಗಳು ತಾವಾಗಿ ತಿಳಿಯುತ್ತವೆ. ಚರಿತ್ರಕಾರನಿಗೆ ಖಚಿತವಾದ ಕಾಲವೂ ಹಾಗೆಯೇ. ಚಾಲುಕ್ಯರ ಕಾಲದ ಅನೇಕ ಗುಡಿಗಳ ಮೇಲೆ ವರ್ಷದ ಉಲ್ಲೇಖವಿಲ್ಲ. ಅವುಗಳ ಕಂಬ, ಗೋಡೆ, ಕೆತ್ತನೆಗಳನ್ನು ಮೇಗುಟಿಯದರೊಡನೆ ಹೋಲಿಸಿ ಇದು ಮೊದಲು, ಇದು ಅನಂತರ ಎಂದು ವಿದ್ವಾಂಸರು ವಾದಿಸುತ್ತಾರೆ. ಇನ್ನೊಂದು ಪ್ರಯೋಜನ ಮತ್ತೂ ದೊಡ್ಡದು. ರವಿಕೀರ್ತಿಯು ತನ್ನ ಕಾವ್ಯಶಕ್ತಿಯನ್ನು ಕಾಳಿದಾಸ, ಭಾರವಿಗಳ ಕೀರ್ತಿಯೊಡನೆ ಸರಿದೂಗಿಸಿಕೊಂಡಿದ್ದಾನೆ. ಸ್ವಲ್ಪ ಜಂಬದ ಮಾತೇ ಸರಿ. ಆದರೆ ಆ ಜಂಬದಿಂದ ನಮಗೆ ಉಪಕಾರವಾಗಿದೆ. ಕಾಳಿದಾಸನು ಯಾವ ಕಾಲದವನೆಂಬುದು ಬಗೆಹರಿಯದ ಪ್ರಶ್ನೆ. ಅವನು ತನ್ನ ಕಾಲವನ್ನು ಎಲ್ಲಿಯೂ ಹೇಳಿಕೊಂಡಿಲ್ಲ. ಆದರೆ ಕ್ರಿ.ಶ. 634ರ ಹೊತ್ತಿಗೆ ಕಾಳಿದಾಸನೂ ಭಾರವಿಯೂ ಕನ್ನಡ ನಾಡಿನ ಒಂದು ಗುಡ್ಡದ ಮೇಲೆ ಮಾದರಿಯಾಗಿ ಹೆಸರಿಸಬಹುದಾದಷ್ಟು ಪ್ರಸಿದ್ಧರಾಗಿದ್ದರು. ಆದುದರಿಂದ ಅವರಿಬ್ಬರೂ ಅದಕ್ಕಿಂತ ಹಿಂದಿನವರು. ಭಾರತದ ಶ್ರೇಷ್ಠ ಕವಿಯ ಕಾಲವನ್ನು ಕುರಿತ ಯಾವ ಚರ್ಚೆಯೂ ಈ ಮೇರೆಯನ್ನು ದಾಟಿ ಈಚೆಗೆ ಬರುವಂತಿಲ್ಲ.

ಹಾಗಾದರೆ ಕಲ್ಲು ಹೇಳಿದುದೆಲ್ಲವನ್ನೂ ನಂಬಬಹುದೆ? ಇಲ್ಲಿ ನಾವು ಎಚ್ಚರದಿಂದಿರಬೇಕು. ರವಿಕೀರ್ತಿಯು ಆಸ್ಥಾನಕ್ಕೆ ಹತ್ತಿರದವನು. ಅರಸನನ್ನು ಹೊಗಳುವುದೇ ಅವನ ಉದ್ದೇಶ. ಅವನ ಸಾಕ್ಷ್ಯವನ್ನು ಬೇರೆ ಸಾಕ್ಷಿಗಳೊಡನೆ ಒರೆಹಚ್ಚಿ ನೋಡಬೇಕು. ಹರ್ಷನ ಸೋಲಿನ ವಿಷಯದಲ್ಲಿ ಅಂತಹ ಸಾಕ್ಷಿ ದೊರೆತಿದೆ. ಚೀನಾದ ಯಾತ್ರಿಕನಾದ ಹ್ಯೂಯೆನ್‌ತ್ಸಾಂಗನು ಆ ಕಾಲದಲ್ಲಿ ಭಾರತವನ್ನೆಲ್ಲ ಸುತ್ತಿದನು. ಅವನು ಹರ್ಷನ ಗೌರವಕ್ಕೆ ಪಾತ್ರನಾಗಿದ್ದವನು. ಆದರೂ, ಪೂರ್ವ ಪಶ್ಚಿಮಗಳನ್ನು ಗೆದ್ದ ಹರ್ಷನಿಗೆ ಪುಲಕೇಶಿಯ ನಾಡು ಮಾತ್ರ ಮಣಿಯಲಿಲ್ಲವೆಂದು ಅವನೇ ಬರೆದಿದ್ದಾನೆ. ಹರ್ಷನ ಕಡೆಯವನೇ ಹೀಗೆ ಹೇಳಿದ ಮೇಲೆ ರವಿಕೀರ್ತಿಯ ಮಾತಿಗೆ ಬಲ ಬಂದಿತು. ಈಚಿನ ವರ್ಷಗಳಲ್ಲಿ ವಿದ್ವಾಂಸರು ಓದಿದ ಪುಲಕೇಶಿಯ ತಾಮ್ರಶಾಸನವೊಂದು ಕ್ರಿ.ಶ. 619ಕ್ಕೆ ಸೇರಿದೆ, ಹರ್ಷನ ಮೇಲಿನ ಜಯ ಅದರಲ್ಲಿಯೂ ಇದೆ. ಆ ಯುದ್ಧ ಬಹಳ ತಡವಾಗಿ, ಮೇಗುಟಿಯ ಕಾಲಕ್ಕೆ ಹತ್ತಿರವಾಗಿ ನಡೆದಿರಬೇಕೆಂದು ಹಿಂದೆ ಊಹಿಸಿದ್ದವರು ತಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು. ಚರಿತ್ರೆ ಹೀಗೆ ಹೊಸ ಸಾಕ್ಷಿ ಬಂದಾಗಲೆಲ್ಲ ತನ್ನನ್ನು ತಾನು ತಿದ್ದಿಕೊಳ್ಳುತ್ತ ಬೆಳೆಯುತ್ತದೆ.

ಪಲ್ಲವರ ವಿಷಯದಲ್ಲಿ ಕಥೆ ಬೇರೆಯಾಯಿತು. ಕಾಂಚಿಯ ಅರಸನು ಕೋಟೆಯ ಹಿಂದೆ ಅಡಗಿದನೆಂದು ಗೋಡೆಯ ಮೇಲೆ ಬರೆಸಿ ಎಂಟು ವರ್ಷ ಕಳೆಯುವಷ್ಟರಲ್ಲಿ, ಕ್ರಿ.ಶ. 642ರ ಸುಮಾರಿಗೆ, ಪಲ್ಲವ ನರಸಿಂಹವರ್ಮನು ಚಾಲುಕ್ಯರ ರಾಜಧಾನಿಗೇ ನುಗ್ಗಿದನು. ವಾತಾಪಿ ಶತ್ರುವಿನ ವಶವಾಯಿತು. ಪುಲಕೇಶಿಯು ಆ ಯುದ್ಧದಲ್ಲಿಯೇ ಮಡಿದನೆಂದು ಚರಿತ್ರಕಾರರು ಭಾವಿಸುತ್ತಾರೆ. ಬಾದಾಮಿಯ ಬಂಡೆಯ ಮೇಲೆ ನರಸಿಂಹವರ್ಮನ ಶಾಸನ ಇಂದಿಗೂ ಇದೆ. ಚಾಲುಕ್ಯರು ತಮ್ಮ ನಾಡನ್ನು ಮತ್ತೆ ಕೂಡಿಸಿಕೊಳ್ಳಲು, ಪುಲಕೇಶಿಯ ಮಗನಾದ ಮೊದಲನೆಯ ವಿಕ್ರಮಾದಿತ್ಯನು ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ ಹೆಣಗಬೇಕಾಯಿತು. ಮೇಗುಟಿಯ ಗೋಡೆಗೆ ಇದಾವುದೂ ತಿಳಿಯದು. ಅಲ್ಲಿ ಪುಲಕೇಶಿಯು ಇಂದಿಗೂ ಸೋಲನ್ನು ಕಾಣದ ಚಕ್ರವರ್ತಿ. ಒಂದು ಕಲ್ಲನ್ನು ಮಾತ್ರ ಓದಿದವನಿಗೆ ಗೆಲುವು ಮಾತ್ರ ಕಾಣುತ್ತದೆ. ಎರಡನ್ನೂ ಓದಿದವನಿಗೆ ಚರಿತ್ರೆ ಕಾಣುತ್ತದೆ. ಶಾಸನವನ್ನು ಗೌರವಿಸುವುದೆಂದರೆ ಅದರ ಮಾತನ್ನೆಲ್ಲ ಕಣ್ಣು ಮುಚ್ಚಿ ಒಪ್ಪುವುದಲ್ಲ. ಅದನ್ನು ಉಳಿಸಿಕೊಂಡು ಮತ್ತೆ ಮತ್ತೆ ಪ್ರಶ್ನಿಸುವುದು.

ಗುಡಿಯಿಂದ ಹೊರಬಂದು ಅದರ ಹಿಂದಿನ ಬಯಲಿನಲ್ಲಿ ಸ್ವಲ್ಪ ದೂರ ನಡೆದರೆ ಸುರಪುರದ ಕಡೆಯವರಿಗೆ ಪರಿಚಿತವಾದ ಒಂದು ನೋಟ ಎದುರಾಗುತ್ತದೆ. ನಿಲ್ಲಿಸಿದ ಚಪ್ಪಡಿಗಳು, ಅವುಗಳ ಮೇಲೆ ಮುಚ್ಚಿದ ಚಪ್ಪಡಿ; ರಾಜನಕೋಳೂರಿನಲ್ಲಿ ಟೇಲರನು ಕಂಡಂತಹವೇ ಕಲ್ಮನೆಗಳು! ಬಿದ್ದವು ಎಷ್ಟೋ, ನಿಂತವು ಎಷ್ಟೋ. ರವಿಕೀರ್ತಿಯು ಗುಡಿಗೆ ಜಾಗವನ್ನು ಆರಿಸುವ ಹೊತ್ತಿಗೇ ಇವು ಬಹಳ ಹಳೆಯವಾಗಿದ್ದವು. ಹೆಸರಿಲ್ಲದ ಆ ಪ್ರಾಚೀನರು ತಮ್ಮ ಸತ್ತವರನ್ನು ನೆನೆದು ಕಲ್ಲು ನಿಲ್ಲಿಸಿದ ಗುಡ್ಡದಲ್ಲಿಯೇ ಬೌದ್ಧರು ಬುದ್ಧನನ್ನು ಕಂಡರಿಸಿದರು, ಜೈನರು ಜಿನನನ್ನು ಪ್ರತಿಷ್ಠಿಸಿದರು; ಕೆಳಗೆ ಊರಿನಲ್ಲಿ ಶಿವ, ವಿಷ್ಣು, ಸೂರ್ಯರ ಗುಡಿಗಳು ಎದ್ದವು. ಒಂದೇ ಗುಡ್ಡ ಇವರೆಲ್ಲರಿಗೂ ಪವಿತ್ರವಾಗಿ ಕಂಡಿತು. ಒಬ್ಬರು ಬಂದಾಗ ಇನ್ನೊಬ್ಬರ ಕಲ್ಲು ಪೂರ್ತಿಯಾಗಿ ಅಳಿಯಲಿಲ್ಲ. ಅದರಿಂದಲೇ ಅವೆಲ್ಲವೂ ಇಂದು ನಮ್ಮ ಕಣ್ಣೆದುರು ಇವೆ.

ಗುಡ್ಡದ ಅಂಚಿನಲ್ಲಿ ನಿಂತರೆ ಕೆಳಗೆ ಊರು, ಗುಡಿಗಳ ಶಿಖರಗಳು, ಹೊಲಗಳು, ಅವುಗಳ ಆಚೆ ಮಲಪ್ರಭಾ ನದಿಯ ಬಳಕು. ಈ ನೀರು ಇಲ್ಲಿಂದ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ನಾರಾಯಣಪುರದ ಅಣೆಕಟ್ಟು. ಅಲ್ಲಿಂದ ಎಡದಂಡೆಯ ಕಾಲುವೆಯ ಮೂಲಕ ಸುರಪುರ, ಶಹಾಪುರಗಳ ಗದ್ದೆಗಳಿಗೆ. ಮೇಗುಟಿಯ ಕೆಳಗೆ ಹರಿದ ನೀರಿನಲ್ಲಿ ಒಂದಿಷ್ಟಾದರೂ ಬೋನಾಳದ ಸೀಮೆಯ ಬತ್ತದ ಪೈರಿಗೆ ಮುಟ್ಟುತ್ತಿರಬಹುದು. ದೂರದ ಯಾವುದೋ ಗುಡ್ಡದ ಕಥೆಯೆಂದು ತೋರಿದುದು ಹೀಗೆ ನಮ್ಮ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಹಾಗೆ ಬಂದುದರಿಂದ ನಮ್ಮ ಮೇಲೆ ಒಂದು ಹೊಣೆಯೂ ಬಂದಿದೆ. ಐಹೊಳೆಯ ಶಾಸನದಲ್ಲಿ ಕಾಲವನ್ನು ಹೇಳುವ ಪದ್ಯಗಳು ಎರಡೇ ಎರಡು. ಆ ಸಾಲು ಇರುವ ಕಡೆ ಕಲ್ಲಿನ ಒಂದು ಗೇಣು ಸಿಪ್ಪೆ ಉದುರಿದ್ದರೆ, ಇಲ್ಲವೆ ಯಾರೋ ಒಬ್ಬನು ಮೊಳೆ ಹಿಡಿದು ತನ್ನ ಹೆಸರನ್ನು ಅದರ ಮೇಲೆ ಗೀಚಿದ್ದರೆ, ಇಷ್ಟು ಹೊತ್ತು ನಾವು ಹೇಳಿದುದರಲ್ಲಿ ಮುಖ್ಯವಾದುದೆಲ್ಲ ಇಲ್ಲವಾಗುತ್ತಿತ್ತು. ರವಿಕೀರ್ತಿಯ ಗುಡಿಯ ಶಿಲ್ಪ ಮುಗಿಯಲಿಲ್ಲ, ಮೂರ್ತಿ ಸವೆಯಿತು, ಮೇಲಿನ ಮಾಳಿಗೆ ಕುಸಿಯಿತು. ಆದರೆ ಒಂದೂಕಾಲು ಸಾವಿರ ವರ್ಷಗಳನ್ನೂ ಮೀರಿ ಆ ಹತ್ತೊಂಬತ್ತು ಸಾಲುಗಳು ಉಳಿದವು. ಉಳಿದುದು ಯಾರ ಕಾವಲಿನಿಂದಲೂ ಅಲ್ಲ. ಅಷ್ಟು ಕಾಲ ಅಲ್ಲಿಗೆ ಬಂದುಹೋದ ದನಗಾಹಿಗಳು, ದಾರಿಹೋಕರು, ಊರ ಹುಡುಗರು ಓದಲು ಬಾರದಿದ್ದರೂ ಅದನ್ನು ಕೆಡಿಸಲಿಲ್ಲ, ಅದರಿಂದ. ಓದು ಬಲ್ಲ ನಾವು ಕೆಡಿಸಿದರೆ ಅದಕ್ಕಿಂತ ನಾಚಿಕೆ ಮತ್ತೊಂದುಂಟೆ?

ಮೇಗುಟಿ ಈಗ ಸರಕಾರದ ರಕ್ಷಣೆಯಲ್ಲಿದೆ. ರಕ್ಷಿತ ಸ್ಮಾರಕಗಳಿಗೆ ಹಾನಿ ಮಾಡುವುದು 1958ರ ಕಾಯಿದೆಯಂತೆ ಶಿಕ್ಷೆಗೆ ಗುರಿಯಾಗುವ ಅಪರಾಧ. ಆದರೆ ಕಾಯಿದೆಯ ಕಣ್ಣು ಬೀಳದ ಗುಡಿಗಳೂ ಕಲ್ಲುಗಳೂ ನಾಡಿನ ತುಂಬ ಇವೆ. ಎಷ್ಟೋ ಊರುಗಳಲ್ಲಿ ಬರಹದ ಕಲ್ಲು ಬಟ್ಟೆ ಒಗೆಯುವ ಹಾಸುಗಲ್ಲಾಗಿದೆ. ಭಕ್ತಿಯಿಂದಲೇ ಬಳಿದ ಸುಣ್ಣದಡಿಯಲ್ಲಿ ಅಕ್ಷರಗಳು ಮುಚ್ಚಿಹೋಗಿವೆ. ನಿಧಿಯ ಆಸೆಗೆ ಬಿದ್ದವರು ಗುಡಿಗಳನ್ನೂ ಮೊರೇರ ಮನೆಗಳನ್ನೂ ಅಗೆದು ಕೆಡವುತ್ತಾರೆ. ಅಲ್ಲಿ ಬಂಗಾರ ಸಿಕ್ಕುವುದಿಲ್ಲ. ಸಿಕ್ಕಬಹುದಾಗಿದ್ದ ಚರಿತ್ರೆ ಮಾತ್ರ ಪುಡಿಯಾಗುತ್ತದೆ. ನಿಧಿ ಇದ್ದುದು ಕಲ್ಲಿನ ಕೆಳಗಲ್ಲ, ಕಲ್ಲಿನ ಮೇಲೆ.

ನಿಮ್ಮ ಊರಿನ ಗುಡ್ಡದ ಮೇಲೂ ಒಂದು ಸಣ್ಣ ಗುಡಿಯಿರಬಹುದು. ಮುಂದಿನ ಸಲ ಅಲ್ಲಿಗೆ ಹೋದಾಗ ಕೈಮುಗಿದು ಬಂದುಬಿಡಬೇಡಿ. ಗೋಡೆಯ ಸುತ್ತ ಒಮ್ಮೆ ನಡೆಯಿರಿ. ಯಾವುದಾದರೂ ಕಲ್ಲಿನ ಮೇಲೆ ಅಕ್ಷರದಂತೆ ಏನಾದರೂ ಕಂಡರೆ ಉಜ್ಜಬೇಡಿ, ಬಣ್ಣ ಬಳಿಯಬೇಡಿ. ಊರ ಹಿರಿಯರಿಗೆ, ಶಾಲೆಯ ಗುರುಗಳಿಗೆ ತಿಳಿಸಿ. ಅವರ ಮೂಲಕ ಅದನ್ನು ಓದಬಲ್ಲವರು ಬರುತ್ತಾರೆ. ಅದು ಮತ್ತೊಂದು ಐಹೊಳೆಯ ಶಾಸನವಾಗಲಾರದು. ಯಾರೋ ಒಬ್ಬ ಗೌಡನು ಕೆರೆಗೆ ಭೂಮಿ ಬಿಟ್ಟ ಸಂಗತಿಯೋ, ಊರಿಗಾಗಿ ಹೋರಾಡಿ ಸತ್ತ ವೀರನೊಬ್ಬನ ಹೆಸರೋ ಅದರಲ್ಲಿರಬಹುದು. ಆದರೆ ಅದು ನಿಮ್ಮ ಊರಿನ ಮಾತು. ಅದನ್ನು ಹೇಳಲು ಬೇರೆ ಕಲ್ಲಿಲ್ಲ. ಮೇಗುಟಿಯೂ ಒಂದು ಕಾಲಕ್ಕೆ, ದೂರದಿಂದ ನೋಡಿದವರ ಪಾಲಿಗೆ, ಗುಡ್ಡದ ಮೇಲಿನ ಒಂದು ಗುಡಿಯಷ್ಟೇ ಆಗಿದ್ದಿತು.

ಅಭ್ಯಾಸ

1. ‘ಮೇಗುಟಿ’ ಎಂಬ ಹೆಸರು ಹೇಗೆ ಬಂದಿತು?
2. ಮೆಡೋಸ್ ಟೇಲರನು ಸುರಪುರದ ಸೀಮೆಯಲ್ಲಿ ಕಂಡ ಕಲ್ಮನೆಗಳನ್ನು ವರ್ಣಿಸಿರಿ. ಅಂತಹವೇ ಬೇರೆಲ್ಲಿ ಇವೆ?
3. ರವಿಕೀರ್ತಿಯು ಗುಡಿಯ ಕಾಲವನ್ನು ಯಾವ ಎರಡು ಬಗೆಗಳಿಂದ ಹೇಳಿದ್ದಾನೆ? ಎರಡನ್ನೂ ಲೆಕ್ಕ ಮಾಡಿ ತೋರಿಸಿರಿ.
4. ಕಾಳಿದಾಸನ ಕಾಲವನ್ನು ಕುರಿತ ಚರ್ಚೆಗೆ ಐಹೊಳೆಯ ಶಾಸನದಿಂದ ಆಗಿರುವ ಸಹಾಯವೇನು?
5. “ಒಂದು ಕಲ್ಲನ್ನು ಮಾತ್ರ ಓದಿದವನಿಗೆ ಗೆಲುವು ಮಾತ್ರ ಕಾಣುತ್ತದೆ; ಎರಡನ್ನೂ ಓದಿದವನಿಗೆ ಚರಿತ್ರೆ ಕಾಣುತ್ತದೆ.” ಈ ಮಾತನ್ನು ಪಾಠದಲ್ಲಿ ಬಂದಿರುವ ಉದಾಹರಣೆಗಳಿಂದ ವಿವರಿಸಿರಿ.
6. ನಿಮ್ಮ ಊರಿನಲ್ಲಿ ಅಥವಾ ಸಮೀಪದಲ್ಲಿ ಇರುವ ಹಳೆಯ ಗುಡಿಯೊಂದನ್ನು ನೋಡಿಬಂದು, ಅದರ ಸ್ಥಳ, ಕಲ್ಲು, ಕಟ್ಟಡ, ಇಂದಿನ ಸ್ಥಿತಿಗಳನ್ನು ಕುರಿತು ಒಂದು ಪುಟದಷ್ಟು ಬರೆಯಿರಿ.